ಪೆಲೆಟ್ ಸ್ಟೌವ್‌ಗೆ ಜೆನೆರಿಕ್ ಪಾರ್ಟ್ ಹಾಕೋದು: ಪದೇ ಪದೇ ಕೇಳೋ ಪ್ರಶ್ನೆಗಳು

ನ್ಯೂ ಹ್ಯಾಂಪ್‌ಶೈರ್, ಕನೆಕ್ಟಿಕಟ್, ಅಪ್‌ಸ್ಟೇಟ್ ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ಕಡೆ ಹಳೇ ಮನೆ ತಗೊಂಡ ನಮ್ಮವರಲ್ಲಿ ಕೆಲವರಿಗೆ ಮನೆ ಜೊತೆಗೇ ಒಂದು ಪೆಲೆಟ್ ಸ್ಟೌವ್ ಬಂದಿರತ್ತೆ, ಅಂದ್ರೆ ಮರದ ಪುಡಿ ಒತ್ತಿ ಮಾಡಿದ ಚಿಕ್ಕ ತುಂಡುಗಳನ್ನ (ಪೆಲೆಟ್) ಸುಟ್ಟು ಮನೆ ಬೆಚ್ಚಗೆ ಮಾಡೋ, ಕರೆಂಟಿಂದ ನಡೆಯೋ ಒಲೆ. ಹೀಟಿಂಗ್ ಆಯಿಲ್ ಬಿಲ್ ನೋಡಿದ್ಮೇಲೆ ಅದನ್ನ ದಿನಾ ಹಚ್ಚೋಕೆ ಶುರು ಮಾಡ್ತಾರೆ, ಚೆನ್ನಾಗಿ ನಡೀತಾ ಇರತ್ತೆ, ಆಮೇಲೆ ಒಂದಿನ ಜನವರಿ ಚಳೀಲಿ ನಿಂತು ಹೋಗತ್ತೆ. ಡೀಲರ್‌ಗೆ ಫೋನ್ ಮಾಡಿದ್ರೆ ಟೆಕ್ನಿಷಿಯನ್ ಬರೋಕೆ ವಾರಗಟ್ಟಲೆ ಕಾಯ್ಬೇಕು, ಪಾರ್ಟ್ ರೇಟ್ ಕೇಳಿದ್ರೆ ತಲೆ ತಿರುಗತ್ತೆ, ಆನ್‌ಲೈನ್‌ನಲ್ಲಿ ನೋಡಿದ್ರೆ ಅದೇ ಥರದ್ದು ಅರ್ಧ ರೇಟಿಗೆ ಕಾಣಿಸತ್ತೆ. ತಗೊಳ್ಳೋದಾ ಬೇಡ್ವಾ ಅನ್ನೋದಕ್ಕೆ ಸಂಬಂಧಪಟ್ಟ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದೀನಿ.

ಜೆನೆರಿಕ್ ಅಂದ್ರೆ ಡೂಪ್ಲಿಕೇಟ್ ಮಾಲು ತಾನೇ?

ಅಲ್ಲ. ಸ್ಟೌವ್ ಕಂಪನಿಗಳು ಕಬ್ಬಿಣದ ಪೆಟ್ಟಿಗೆ, ಬರ್ನ್ ಪಾಟ್ (ಪೆಲೆಟ್ ಉರಿಯೋ ಬಟ್ಟಲು), ಹಾಪರ್ (ಪೆಲೆಟ್ ತುಂಬಿಡೋ ಡಬ್ಬಿ) ಇಂಥವನ್ನ ತಾವೇ ಮಾಡ್ತಾರೆ, ಆದ್ರೆ ಒಳಗಿರೋ ಮೋಟರ್, ಬ್ಲೋವರ್, ಸ್ವಿಚ್ ಎಲ್ಲಾ ಹೆಚ್ಚಾಗಿ ಹೊರಗಡೆಯಿಂದ ತಂದು ಹಾಕೋದು. ಆಗರ್ ಮೋಟರ್ (ಪೆಲೆಟ್ ತಳ್ಳೋ ತಿರುಪನ್ನ ತಿರುಗಿಸೋದು) ಬಿಚ್ಚಿ ನೋಡಿದ್ರೆ ಗ್ಲೀಸನ್ ಏವರಿ ಅಂತಲೋ ಮರ್ಕಲ್-ಕಾರ್ಫ್ ಅಂತಲೋ ಹೆಸರಿರತ್ತೆ, ಬ್ಲೋವರ್ ಮೇಲೆ ಫಾಸ್ಕೊ ಅಂತ ಇರತ್ತೆ, ಬಿಸಿಗೆ ಕಟ್ ಆಗೋ ಸ್ನ್ಯಾಪ್ ಡಿಸ್ಕ್ ಮೇಲೆ ಥರ್ಮ್-ಒ-ಡಿಸ್ಕ್ ಅಂತ ಇರತ್ತೆ. ಅದನ್ನೇ ಸ್ಟೌವ್ ಕಂಪನಿ ತನ್ನ ಬಾಕ್ಸಲ್ಲಿ ಹಾಕಿ ತನ್ನ ಪಾರ್ಟ್ ನಂಬರ್ ಕೊಟ್ಟು ಮಾರತ್ತೆ. ಹಾಗಾಗಿ ಜೆನೆರಿಕ್ ಅಂತ ಸಿಗೋದ್ರಲ್ಲಿ ಒಂದು ಜಾತಿ, ಅದೇ ಫ್ಯಾಕ್ಟರಿಯ ಅದೇ ಮೋಟರ್, ಬಾಕ್ಸ್ ಮಾತ್ರ ಬೇರೆ. ಎರಡನೇದು, ಬೇರೆ ಯಾರೋ ಅದೇ ಅಳತೆಗೆ ಮಾಡಿದ್ದು, ಇದ್ರಲ್ಲಿ ಒಳ್ಳೇದೂ ಇದೆ ಕೆಟ್ಟದ್ದೂ ಇದೆ. ಮೂರನೇದು, ಬ್ರಾಂಡ್ ಹೆಸರನ್ನೇ ಸುಳ್ಳು ಸುಳ್ಳಾಗಿ ಮೇಲೆ ಒತ್ತಿ ಮಾರೋದು. ನಿಜವಾದ ಡೂಪ್ಲಿಕೇಟ್ ಅಂದ್ರೆ ಅದು, ಅದ್ರ ಸಹವಾಸ ಬೇಡ.

ಹಾಗಾದ್ರೆ ಎಲ್ಲಾ ಪಾರ್ಟೂ ಜೆನೆರಿಕ್ ಹಾಕಬಹುದಾ?

ಇಲ್ಲ, ಇಲ್ಲೊಂದು ಗೆರೆ ಎಳ್ಕೋಬೇಕು. ಯಾವ ಪಾರ್ಟ್ ಕೈಲಿ ಹಿಡ್ಕೊಂಡ್ರೂ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ನಡುರಾತ್ರಿ ಇದು ಕೈ ಕೊಟ್ರೆ ಮನೆ ತಣ್ಣಗಾಗತ್ತಾ, ಇಲ್ಲಾ ಮನೆಯೊಳಗೆ ಹೊಗೆ ತುಂಬತ್ತಾ? ಬೆಂಕಿ ಹಚ್ಚೋ ಇಗ್ನೈಟರ್ ಹೋದ್ರೆ ಸ್ಟೌವ್ ಹತ್ತಲ್ಲ, ಅಷ್ಟೇ. ಆಗರ್ ಮೋಟರ್ ನಿಂತ್ರೆ ಪೆಲೆಟ್ ಬೀಳಲ್ಲ, ಬೆಂಕಿ ತಾನಾಗೇ ಆರತ್ತೆ. ರೂಮ್ ಫ್ಯಾನ್ ಹೋದ್ರೆ ಸ್ಟೌವ್ ಜಾಸ್ತಿ ಬಿಸಿಯಾಗಿ ಲಿಮಿಟ್ ಸ್ವಿಚ್ ಅದನ್ನ ನಿಲ್ಲಿಸತ್ತೆ. ಇಂಥ ಕಡೆ ಒಳ್ಳೆ ಜೆನೆರಿಕ್ ಧಾರಾಳವಾಗಿ ಹಾಕಿ. ಆದ್ರೆ ಆ ಲಿಮಿಟ್ ಸ್ವಿಚ್, ವ್ಯಾಕ್ಯೂಮ್ ಸ್ವಿಚ್ (ಹೊಗೆ ಹೊರಗೆ ಹೋಗ್ತಾ ಇದೆಯಾ ಅಂತ ನೋಡೋ ಸ್ವಿಚ್ಚು), ಬಾಗಿಲಿನ ಗಾಜು, ಹೊಗೆ ಪೈಪು, ಇವು ಮನೆಯವರ ಜೀವ ಕಾಯೋ ಪಾರ್ಟುಗಳು. ಇವುಗಳಲ್ಲಿ ರೇಟಿಂಗ್ ಕರಾರುವಾಕ್ಕಾಗಿ ಮ್ಯಾಚ್ ಆಗೋದು ಸಿಕ್ಕಿದ್ರೆ ಮಾತ್ರ ಜೆನೆರಿಕ್, ಸ್ವಲ್ಪ ಅನುಮಾನ ಬಂದ್ರೂ ಕಂಪನಿದೇ ತಗೊಳ್ಳಿ. ಅಲ್ಲಿ ಇಪ್ಪತ್ತು ಮೂವತ್ತು ಡಾಲರ್ ಉಳಿಸೋಕೆ ಹೋಗ್ಬೇಡಿ.

ಪಾರ್ಟ್ ಆರ್ಡರ್ ಮಾಡೋಕೆ ಮುಂಚೆ ಏನು ಮಾಡ್ಬೇಕು?

ಕ್ಲೀನ್ ಮಾಡಿ. ಇದನ್ನ ಎಷ್ಟು ಒತ್ತಿ ಹೇಳಿದ್ರೂ ಕಮ್ಮಿ, ಯಾಕಂದ್ರೆ ಪಾರ್ಟ್ ಹೋಗಿದೆ ಅಂತ ಅಂದ್ಕೊಳ್ಳೋ ಬಹಳಷ್ಟು ಕೇಸಲ್ಲಿ ಹೋಗಿರೋದು ಪಾರ್ಟ್ ಅಲ್ಲ, ಬೂದಿ ಕಟ್ಕೊಂಡಿರೋದು. ಸ್ಟೌವ್ ಪೂರ್ತಿ ತಣ್ಣಗಾದ್ಮೇಲೆ ಪ್ಲಗ್ ಕಿತ್ತು, ಬರ್ನ್ ಪಾಟ್‌ನ ತೂತುಗಳನ್ನ ಒಂದೊಂದೂ ಬಿಡಿಸಿ, ಹಿಂದಿನ ಬ್ಯಾಫಲ್ (ಒಳಗಿನ ಅಡ್ಡ ತಗಡು) ತೆಗೆದು ಅದರ ಹಿಂದೆ ಕೂತಿರೋ ಬೂದಿ ತೆಗೀರಿ, ಎಕ್ಸಾಸ್ಟ್ (ಹೊಗೆ ಹೋಗೋ) ದಾರಿ ಮತ್ತು ಹೊರಗಿನ ಪೈಪಿಗೆ ಬ್ರಶ್ ಹಾಕಿ. ಮನೇಲಿರೋ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಬಳಸ್ಬೇಡಿ, ಬೂದಿಯೊಳಗೆ ಕೆಂಡ ಗಂಟೆಗಟ್ಟಲೆ ಬದುಕಿರತ್ತೆ, ಬೂದಿಗೆ ಅಂತಲೇ ಬೇರೆ ವ್ಯಾಕ್ಯೂಮ್ ಸಿಗತ್ತೆ. ತೆಗೆದ ಬೂದಿ ಮುಚ್ಚಳ ಇರೋ ತಗಡಿನ ಡಬ್ಬಿಗೆ ಹಾಕಿ ಮನೆ ಹೊರಗಿಡಿ.

ಇಗ್ನೈಟರೇ ಹೋಗಿದೆ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು?

ಪೆಲೆಟ್ ಬಿದ್ದಿದೆ, ಫ್ಯಾನ್ ತಿರುಗ್ತಾ ಇದೆ, ಆದ್ರೆ ಬೆಂಕಿ ಇಲ್ಲ, ಪಾಟ್‌ನಲ್ಲಿ ಹಸಿ ಪೆಲೆಟ್ ರಾಶಿ ಬಿದ್ದಿರತ್ತೆ. ಆಗ ಅನುಮಾನ ಇಗ್ನೈಟರ್ ಮೇಲೆ. ಒಂದು ಮಲ್ಟಿಮೀಟರ್ ಇದ್ರೆ ಎರಡು ನಿಮಿಷದ ಕೆಲಸ. ಪ್ಲಗ್ ಕಿತ್ತು ಇಗ್ನೈಟರ್‌ನ ಎರಡೂ ವೈರ್ ಬಿಚ್ಚಿ ಓಮ್ಸ್ ನೋಡಿ. 120 ವೋಲ್ಟಿನ 300 ವ್ಯಾಟ್ ಇಗ್ನೈಟರ್ ಆದ್ರೆ ಸುಮಾರು 48 ಓಮ್ಸ್ ಬರ್ಬೇಕು, ವ್ಯಾಟ್ ಜಾಸ್ತಿ ಇದ್ರೆ ಓಮ್ಸ್ ಕಮ್ಮಿ. ಮೀಟರ್ ಏನೂ ತೋರಿಸ್ಲಿಲ್ಲ ಅಂದ್ರೆ ಒಳಗಿನ ಎಳೆ ಕಟ್ ಆಗಿದೆ. ಆಮೇಲೆ ಒಂದು ವೈರಿಗೂ ಇಗ್ನೈಟರ್‌ನ ಲೋಹದ ಮೈಗೂ ಮೀಟರ್ ಹಿಡೀರಿ, ಅಲ್ಲಿ ರೀಡಿಂಗ್ ಬಂದ್ರೆ ಶಾರ್ಟ್ ಆಗಿದೆ ಅಂತರ್ಥ, ಫ್ಯೂಸ್ ಪದೇ ಪದೇ ಹೋಗ್ತಾ ಇದ್ರೆ ಕಾರಣ ಇದೇ ಇರಬಹುದು.

ಓಮ್ಸ್ ಸರಿ ಬಂತು ಆದ್ರೂ ಹತ್ತುತಾ ಇಲ್ವಾ? ಹಾಗಾದ್ರೆ ಇಗ್ನೈಟರ್‌ಗೆ ಕರೆಂಟ್ ಬರ್ತಾ ಇಲ್ಲ, ಇಲ್ಲಾ ಬಿಸಿ ಗಾಳಿ ಹೋಗೋ ತೂತು ಬೂದಿಯಿಂದ ಮುಚ್ಚಿದೆ. ಇಗ್ನೈಟರ್ ಪೆಲೆಟ್ಟನ್ನ ಮುಟ್ಟಿ ಸುಡಲ್ಲ, ಬಹಳಷ್ಟು ಮಾಡೆಲ್‌ಗಳಲ್ಲಿ ಅದರ ಸುತ್ತ ಹರಿಯೋ ಗಾಳಿ ಕಾದು ಆ ಗಾಳಿ ಪೆಲೆಟ್ಟಿಗೆ ಬೆಂಕಿ ಹಚ್ಚತ್ತೆ. ಗಾಳಿ ದಾರಿ ಕಟ್ಟಿದ್ರೆ ಬೆಂಕಿನೂ ಹತ್ತಲ್ಲ, ಆ ಬಿಸಿ ಅಲ್ಲೇ ನಿಂತು ಹೊಸ ಇಗ್ನೈಟರ್ ಕೂಡ ಬೇಗ ಸುಟ್ಟು ಹೋಗತ್ತೆ.

ಇಗ್ನೈಟರ್ ತಗೊಳ್ಳುವಾಗ ಏನೇನು ಮ್ಯಾಚ್ ಮಾಡ್ಬೇಕು?

ವೋಲ್ಟೇಜ್, ವ್ಯಾಟೇಜ್, ದಪ್ಪ, ಉದ್ದ, ಹಿಡ್ಕೊಳ್ಳೋ ಫ್ಲೇಂಜ್ ಅಥವಾ ಸ್ಕ್ರೂ ಎಲ್ಲಿದೆ ಅನ್ನೋದು, ವೈರ್ ಉದ್ದ. ಉದ್ದ ಕಮ್ಮಿ ಇದ್ರೆ ತುದಿ ಪಾಟ್ ಹತ್ರ ಬರಲ್ಲ, ಜಾಸ್ತಿ ಇದ್ರೆ ಒಳಗೆ ತಾಗತ್ತೆ. ವ್ಯಾಟೇಜ್ ಜಾಸ್ತಿ ಇರೋದು ಹಾಕಿದ್ರೆ ಬೇಗ ಹತ್ತತ್ತೆ ಅಂತ ಕೆಲವರು ಹೇಳ್ತಾರೆ, ಕೇಳ್ಬೇಡಿ, ಬೋರ್ಡ್ ಮೇಲಿನ ರಿಲೇ ಮತ್ತು ಫ್ಯೂಸ್ ಮೊದಲಿನ ಲೆಕ್ಕಕ್ಕೆ ಮಾಡಿರೋದು. ವೈರ್ ಜಾಯಿಂಟ್‌ಗೆ ಮಾಮೂಲಿ ಪ್ಲಾಸ್ಟಿಕ್ ಕನೆಕ್ಟರೂ ಇನ್ಸುಲೇಷನ್ ಟೇಪೂ ನಡೆಯಲ್ಲ, ಕರಗಿ ಹೋಗತ್ತೆ, ಹೈ ಟೆಂಪರೇಚರ್ ಕ್ರಿಂಪ್ ಅಥವಾ ಸೆರಾಮಿಕ್ ಕನೆಕ್ಟರ್ ಬೇಕು.

ಪಾರ್ಟ್ ಬರೋ ತನಕ ಮನೆ ತಣ್ಣಗಿರ್ಬೇಕಾಗಿಲ್ಲ. ಕೈಯಲ್ಲಿ ಹಚ್ಚಬಹುದು ಅಂತ ಮ್ಯಾನ್ಯುಯಲ್‌ನಲ್ಲಿ ಇರೋ ಮಾಡೆಲ್ ಆದ್ರೆ ಪೆಲೆಟ್ ಸ್ಟೌವ್‌ಗೆ ಅಂತಲೇ ಸಿಗೋ ಜೆಲ್ ಹಾಕಿ ಹಚ್ಚಿ. ಸೀಮೆಎಣ್ಣೆ, ಪೆಟ್ರೋಲು, ಸ್ಪಿರಿಟ್ಟು ಯಾವುದನ್ನೂ ಹತ್ರಕ್ಕೂ ತರ್ಬೇಡಿ.

ಪೆಲೆಟ್ ಬೀಳ್ತಾ ಇಲ್ಲ, ಆಗರ್ ಮೋಟರ್ ಹೋಗಿದ್ಯಾ?

ಇರಬಹುದು, ಇಲ್ಲದೇನೂ ಇರಬಹುದು. ಆಗರ್ ಅಂದ್ರೆ ಹಾಪರ್ ಕೆಳಗಿಂದ ಪೆಲೆಟ್ ತಳ್ಳಿಕೊಂಡು ಬರೋ ತಿರುಪು. ಬ್ಯಾಗಿನ ತಳದಲ್ಲಿರೋ ಮರದ ಪುಡಿ ಹಾಪರ್ ಮೂಲೇಲಿ ಸೇರ್ಕೊಂಡು ಗಟ್ಟಿಯಾದ್ರೆ, ಇಲ್ಲಾ ಉದ್ದದ ಪೆಲೆಟ್ ಒಂದು ಅಡ್ಡ ಸಿಕ್ಕಾಕೊಂಡ್ರೆ, ತಿರುಪು ಜಾಮ್ ಆಗತ್ತೆ. ಬೇಸ್‌ಮೆಂಟ್ ತೇವಕ್ಕೆ ಪೆಲೆಟ್ ನೀರು ಕುಡಿದ್ರೂ ಉಬ್ಬಿ ಹಾಗೇ ಕೂರತ್ತೆ.

ಕಂಡುಹಿಡಿಯೋದು ಹೀಗೆ. ಪ್ಲಗ್ ಕಿತ್ತು ಮೋಟರ್ ಶಾಫ್ಟ್ ಆಗರ್‌ಗೆ ಸೇರೋ ಕಡೆಯ ಸ್ಕ್ರೂ ಅಥವಾ ಪಿನ್ ತೆಗೆದು ಮೋಟರ್ ಬೇರೆ ಮಾಡಿ. ಈಗ ಆಗರ್ ಕೈಯಲ್ಲಿ ತಿರುಗಿಸಿ ನೋಡಿ, ಅಲುಗಾಡ್ಲಿಲ್ಲ ಅಂದ್ರೆ ಜಾಮ್. ಸಲೀಸಾಗಿ ತಿರುಗಿದ್ರೆ ಕೈ ದೂರ ಇಟ್ಕೊಂಡು ಸ್ಟೌವ್ ಆನ್ ಮಾಡಿ ಮೋಟರ್ ಒಂದನ್ನೇ ನೋಡಿ. ಹಿಂದಿರೋ ಚಿಕ್ಕ ರೋಟರ್ ಗಿರಗಿರ ಅಂತ ಸುತ್ತುತಾ ಇದೆ, ಮುಂದಿನ ಶಾಫ್ಟ್ ಮಾತ್ರ ನಿಂತಲ್ಲೇ ನಿಂತಿದೆ ಅಂದ್ರೆ ಗೇರ್ ಹಲ್ಲು ಸವೆದಿದೆ, ಬಹಳಷ್ಟು ಸಲ ಗೇರ್ ಬಾಕ್ಸಿಂದ ಕಂದು ಬಣ್ಣದ ಗ್ರೀಸ್ ಕೆಳಗೆ ಇಳಿದಿರೋದೂ ಕಾಣಿಸತ್ತೆ. ಬರೀ ಗುಂಯ್ ಅಂತ ಸದ್ದು ಬಂದು ಏನೂ ತಿರುಗ್ಲಿಲ್ಲ ಅಂದ್ರೂ ಮೋಟರ್ ಕಥೆ ಮುಗೀತು. ಸದ್ದೇ ಇಲ್ಲ ಅಂದ್ರೆ ತಕ್ಷಣ ಮೋಟರ್ ಮೇಲೆ ಹೇಳ್ಬೇಡಿ, ಹಾಪರ್ ಮುಚ್ಚಳದ ಸ್ವಿಚ್ಚು, ವ್ಯಾಕ್ಯೂಮ್ ಸ್ವಿಚ್ಚು, ಲಿಮಿಟ್ ಸ್ವಿಚ್ಚು ಇವುಗಳಲ್ಲಿ ಯಾವುದೋ ಒಂದು ಕರೆಂಟ್ ತಡೆದಿರಬಹುದು.

ಆಗರ್ ಮೋಟರ್ ನೋಡೋಕೆ ಎಲ್ಲಾ ಒಂದೇ ಥರ ಇದೆ, ಯಾವುದು ತಗೊಳ್ಲಿ?

ಈ ಪ್ರಶ್ನೇಲೇ ಜನ ಜಾಸ್ತಿ ದುಡ್ಡು ಕಳ್ಕೊಳ್ಳೋದು, ಹಾಗಾಗಿ ನಿಧಾನವಾಗಿ ಹೇಳ್ತೀನಿ. ಫೋಟೋ ನೋಡಿ ತಗೋಬೇಡಿ. ಹಳೇ ಮೋಟರ್ ಕೈಗೆ ಬಂದ್ಮೇಲೆ ಅದರ ಮೇಲಿನ ಸ್ಟಿಕ್ಕರ್ ಒರೆಸಿ ಫೋನಲ್ಲಿ ಫೋಟೋ ತೆಗೀರಿ. ಅದ್ರಲ್ಲಿ ಮೊದಲು ನೋಡ್ಬೇಕಾದ್ದು ಆರ್‌ಪಿಎಂ. 1 ಆರ್‌ಪಿಎಂ ಇರೋ ಜಾಗಕ್ಕೆ 2 ಆರ್‌ಪಿಎಂ ಹಾಕಿದ್ರೆ ಅಷ್ಟೇ ಹೊತ್ತಲ್ಲಿ ಎರಡರಷ್ಟು ಪೆಲೆಟ್ ಪಾಟ್‌ಗೆ ಬೀಳತ್ತೆ, ಗಾಳಿ ಮಾತ್ರ ಮೊದಲಿನಷ್ಟೇ, ಅಲ್ಲಿಗೆ ಬೆಂಕಿ ಸೋಮಾರಿ ಹಳದಿಯಾಗಿ ಗಾಜೆಲ್ಲ ಮಸಿ, ಪಾಟ್ ತುಂಬಿ ಉಕ್ಕತ್ತೆ, ಉರಿಯೋ ಪೆಲೆಟ್ ರಾಶಿ ಫೀಡ್ ದಾರಿ ತನಕ ಬಂದ್ರೆ ಬೆಂಕಿ ಹಾಪರ್ ಕಡೆ ಹೋಗೋ ಅಪಾಯನೂ ಇದೆ. ಉಲ್ಟಾ, ಕಮ್ಮಿ ಆರ್‌ಪಿಎಂ ಹಾಕಿದ್ರೆ ಬೆಂಕಿ ಹಸಿದು ಆರಿ ಹೋಗ್ತಾ ಇರತ್ತೆ.

ಎರಡನೇದು ತಿರುಗೋ ದಿಕ್ಕು. ಸ್ಟಿಕ್ಕರ್ ಮೇಲೆ ಸಿಡಬ್ಲ್ಯು ಅಥವಾ ಸಿಸಿಡಬ್ಲ್ಯು ಅಂತ ಇರತ್ತೆ, ಅಂದ್ರೆ ಗಡಿಯಾರದ ಮುಳ್ಳಿನ ದಿಕ್ಕು ಇಲ್ಲಾ ಅದಕ್ಕೆ ವಿರುದ್ಧ. ಶಾಫ್ಟ್ ನಿಮ್ಮ ಕಡೆ ಇರೋ ಹಾಗೆ ಹಿಡಿದು ನೋಡಿದಾಗಿನ ಲೆಕ್ಕ ಅದು, ಆದ್ರೂ ಮಾರೋರು ಯಾವ ಕಡೆಯಿಂದ ನೋಡಿ ಬರೆದಿದಾರೆ ಅಂತ ಒಂದ್ಸಲ ಕೇಳಿ ಖಾತ್ರಿ ಮಾಡ್ಕೊಳ್ಳಿ. ಉಲ್ಟಾ ದಿಕ್ಕಿನದು ಹಾಕಿದ್ರೆ ಆಗರ್ ಪೆಲೆಟ್ಟನ್ನ ವಾಪಸ್ ಹಿಂದಕ್ಕೇ ನೂಕ್ತಾ ಕೂರತ್ತೆ, ನೀವು ಬೋರ್ಡ್ ಹೋಗಿದೆ ಅಂತ ಅಂದ್ಕೊಂಡು ಅದನ್ನೂ ಆರ್ಡರ್ ಮಾಡಿರ್ತೀರ.

ಮೂರನೇದು ಶಾಫ್ಟ್. ದಪ್ಪ, ಉದ್ದ, ಚಪ್ಪಟೆ ಮಾಡಿರೋ ಭಾಗ ಎಷ್ಟಿದೆ, ಪಿನ್ನಿಗೆ ತೂತು ಇದೆಯಾ. ಆಮೇಲೆ ಆಂಪ್ಸ್, ಬೋಲ್ಟ್ ತೂತುಗಳ ಜಾಗ, ವೈರಿನ ತುದಿಯ ಕ್ಲಿಪ್ಪು. ಇನ್ನೊಂದು, ಒಂದಕ್ಕಿಂತ ಜಾಸ್ತಿ ಆಗರ್ ಇರೋ ಸ್ಟೌವ್‌ಗಳೂ ಇವೆ, ಇಂಗ್ಲೆಂಡರ್ 25-ಪಿಡಿವಿಸಿ ಥರದ್ದರಲ್ಲಿ ಮೇಲೊಂದು ಕೆಳಗೊಂದು ಇರತ್ತೆ. ಅಂಥದ್ರಲ್ಲಿ ಯಾವ ಮೋಟರ್ ನಿಂತಿದೆ ಅಂತ ನೋಡಿ ಆ ಒಂದನ್ನೇ ತರಿಸಿ.

ಕೀಚ್ ಕೀಚ್ ಅಂತ ಸದ್ದು ಬರತ್ತೆ, ಮೋಟರ್ ಬದಲಾಯಿಸ್ಬೇಕಾ?

ಸಾಮಾನ್ಯವಾಗಿ ಬೇಡ. ಆಗರ್ ಶಾಫ್ಟ್ ಕೂರೋ ಬುಷಿಂಗ್ ಸವೆದಾಗ ಈ ಸದ್ದು ಬರತ್ತೆ. ಕಂಚಿನದೋ ನೈಲಾನ್‌ದೋ ಇರತ್ತೆ, ಒಳ ಹೊರ ಅಳತೆ ಮತ್ತು ಉದ್ದ ಸರಿ ಇದ್ರೆ ಜೆನೆರಿಕ್ ಆರಾಮಾಗಿ ನಡೆಯತ್ತೆ. ಬಿಸಿ ಕಡೆ ನೈಲಾನ್ ಹಾಕ್ಬೇಡಿ, ಮೊದಲು ಏನಿತ್ತೋ ಅದನ್ನೇ ಹಾಕಿ.

ಎಕ್ಸಾಸ್ಟ್ ಬ್ಲೋವರ್ ಜೆನೆರಿಕ್ ಹಾಕಬಹುದಾ?

ಹಾಕಬಹುದು, ಆದ್ರೆ ಇದು ಆ ಗೆರೆಗೆ ತಾಗಿ ಕೂತಿರೋ ಪಾರ್ಟು. ಪೆಲೆಟ್ ಸ್ಟೌವ್‌ನಲ್ಲಿ ಹೊಗೆ ತಾನಾಗೇ ಮೇಲಕ್ಕೆ ಹೋಗಲ್ಲ, ಈ ಫ್ಯಾನ್ ಅದನ್ನ ಎಳೆದು ಹೊರಗೆ ಹಾಕತ್ತೆ, ಹಾಗೆ ಎಳೆಯೋದ್ರಿಂದಲೇ ಬರ್ನ್ ಪಾಟ್‌ಗೆ ಗಾಳಿನೂ ಬರತ್ತೆ. ಎಳೆತ ಕಮ್ಮಿ ಆದ್ರೆ ಬೆಂಕಿನೂ ಕೆಡತ್ತೆ, ಸುರಕ್ಷತೆನೂ ಕೆಡತ್ತೆ. ಹಾಗಾಗಿ ಆರ್‌ಪಿಎಂ, ಆಂಪ್ಸ್, ಒಳಗಿನ ಚಕ್ರದ ಅಗಲ ಮತ್ತು ಎತ್ತರ, ತಿರುಗೋ ದಿಕ್ಕು ಎಲ್ಲಾ ಹಳೇದಕ್ಕೆ ಸರಿಯಾಗಿ ಹೊಂದ್ಬೇಕು. ಬಾಲ್ ಬೇರಿಂಗ್ ಇರೋದೇ ತಗೊಳ್ಳಿ, ಹತ್ತಿಪ್ಪತ್ತು ಡಾಲರ್ ಜಾಸ್ತಿ ಆದ್ರೂ ಸರಿ, ಬಿಸಿ ಜಾಗದಲ್ಲಿ ಇಡೀ ಚಳಿಗಾಲ ತಿರುಗೋ ಫ್ಯಾನ್ ಅದು.

ಬಿಚ್ಚುವಾಗ ಒಂದು ಗಮನ ಇರ್ಲಿ, ಕೆಲವು ಬ್ಲೋವರ್‌ಗಳಲ್ಲಿ ಚಕ್ರ ಹಿಡಿದಿರೋ ನಟ್ ಉಲ್ಟಾ ಥ್ರೆಡ್ ಇರತ್ತೆ, ಬಲ ಹಾಕೋಕೆ ಮುಂಚೆ ಥ್ರೆಡ್ ಯಾವ ಕಡೆ ಓರೆಯಾಗಿದೆ ನೋಡಿ. ಬ್ಲೋವರ್ ತೆಗೆದ ಪ್ರತಿ ಸಲ ಅದರ ಗ್ಯಾಸ್ಕೆಟ್ ಹೊಸದು ಹಾಕಿ, ಹಳೇದನ್ನೇ ಒತ್ತಿ ಕೂರಿಸ್ಬೇಡಿ. ಆ ಸಂದಿಯಿಂದ ಬರೋ ಹೊಗೆ ಎಷ್ಟೋ ಸಲ ಕಣ್ಣಿಗೆ ಕಾಣಲ್ಲ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆನೂ ಇಲ್ಲ. ಮನೇಲಿ ಸಿಓ ಅಲಾರಂ ಇಲ್ಲದೆ ಈ ಸ್ಟೌವ್ ಹಚ್ಚಲೇಬೇಡಿ, ಮಕ್ಕಳು ಮಲಗೋ ರೂಮ್ ಹತ್ರ ಒಂದು ಇರ್ಲೇಬೇಕು.

ರೂಮ್ ಫ್ಯಾನ್?

ಇದು ಬರೀ ಬಿಸಿ ಗಾಳಿ ಮನೆಯೊಳಗೆ ಊದೋದು, ಹೊಗೆಗೂ ಇದಕ್ಕೂ ಸಂಬಂಧ ಇಲ್ಲ. ಅಳತೆ, ಆಂಪ್ಸ್, ಗಾಳಿ ಪ್ರಮಾಣ ಹೊಂದಿದ್ರೆ ಜೆನೆರಿಕ್ ಹಾಕಿ. ಮನೇಲಿ ನಾಯಿ ಬೆಕ್ಕು ಇದ್ರೆ ಮೊದಲು ಅದರ ಬ್ಲೇಡ್‌ಗೆ ಸುತ್ತಿರೋ ಕೂದಲು ತೆಗೀರಿ, ಹೊಸ ಫ್ಯಾನ್ ಖರ್ಚೇ ಉಳಿಯಬಹುದು.

ವ್ಯಾಕ್ಯೂಮ್ ಸ್ವಿಚ್ ಪದೇ ಪದೇ ಸ್ಟೌವ್ ನಿಲ್ಲಿಸತ್ತೆ, ಅದನ್ನ ಬೈಪಾಸ್ ಮಾಡಿದ್ರೆ ಆಗಲ್ವಾ?

ಕಡ್ಡಿ ಮುರಿದ ಹಾಗೆ ಹೇಳ್ತೀನಿ, ಮಾಡ್ಬೇಡಿ. ಎರಡು ವೈರ್ ಸೇರಿಸಿ ಓಡಿಸಿ ಅಂತ ವಿಡಿಯೋಗಳಲ್ಲಿ ತೋರಿಸ್ತಾರೆ. ಬಾಗಿಲು ಸರಿಯಾಗಿ ಮುಚ್ಚಿದೆ, ಹೊಗೆ ಹೊರಗೆ ಹೋಗ್ತಾ ಇದೆ ಅಂತ ಸ್ಟೌವ್‌ಗೆ ಗೊತ್ತಾಗೋದೇ ಆ ಸ್ವಿಚ್ಚಿಂದ. ಅದನ್ನ ತೆಗೆದು ಹಾಕಿದ್ರೆ ಪೈಪ್ ಪೂರ್ತಿ ಕಟ್ಟಿದ್ರೂ ಆಗರ್ ಪೆಲೆಟ್ ಹಾಕ್ತಾನೇ ಇರತ್ತೆ, ಹೊಗೆ ಮನೆಯೊಳಗೇ ಬರತ್ತೆ.

ಸ್ವಿಚ್ ಕಟ್ ಮಾಡ್ತಾ ಇದೆ ಅಂದ್ರೆ ಹೆಚ್ಚಿನ ಪಾಲು ಅದು ತನ್ನ ಕೆಲಸ ಸರಿಯಾಗಿ ಮಾಡ್ತಾ ಇದೆ. ಬಾಗಿಲಿನ ಗ್ಯಾಸ್ಕೆಟ್ ಸವೆದಿದೆಯಾ, ಪೈಪಲ್ಲಿ ಬೂದಿ ಇದೆಯಾ, ಎಕ್ಸಾಸ್ಟ್ ಫ್ಯಾನ್ ಸುಸ್ತಾಗಿದೆಯಾ, ಸ್ವಿಚ್‌ಗೆ ಬರೋ ಚಿಕ್ಕ ರಬ್ಬರ್ ಟ್ಯೂಬ್ ಬಿರುಕು ಬಿಟ್ಟಿದೆಯಾ, ಆ ಟ್ಯೂಬ್ ಸೇರೋ ತೂತಿನ ಬಾಯಲ್ಲಿ ಮಸಿ ಕೂತಿದೆಯಾ, ಈ ಸಾಲಲ್ಲೇ ನೋಡ್ಕೊಂಡು ಹೋಗಿ. ಟ್ಯೂಬ್ ಕಿತ್ತು ಆ ತೂತಿಗೆ ಒಂದು ತಂತಿ ಹಾಕಿ ಬಿಡಿಸಿದ್ರೆ ಎಷ್ಟೋ ಸಲ ಅಲ್ಲಿಗೇ ಮುಗಿಯತ್ತೆ. ಇಷ್ಟೆಲ್ಲ ಆದ್ಮೇಲೂ ನಿಲ್ತಾ ಇದ್ರೆ, ಪ್ಲಗ್ ಕಿತ್ತು, ಸ್ವಿಚ್‌ನ ಎರಡೂ ವೈರ್ ತೆಗೆದು ಮೀಟರ್ ಹಾಕಿ, ಟ್ಯೂಬ್ ತುದಿಯಿಂದ ತೀರಾ ಮೆಲ್ಲಗೆ ಗಾಳಿ ಎಳೆದ್ರೆ ಟಿಕ್ ಅಂದು ಕನೆಕ್ಷನ್ ಕೊಡ್ಬೇಕು. ಕೊಡ್ಲಿಲ್ಲ ಅಂದ್ರೆ ಹೊಸದು. ಆ ಹೊಸದ್ರ ಮೇಲೆ ಎಷ್ಟು ಇಂಚು ವಾಟರ್ ಕಾಲಂಗೆ (ಗಾಳಿ ಎಳೆತದ ಅಳತೆ) ಆನ್ ಆಗತ್ತೆ ಅಂತ ಬರೆದಿರೋ ಅಂಕಿ ಹಳೇದ್ರ ಮೇಲಿರೋ ಅಂಕಿನೇ ಆಗಿರ್ಬೇಕು, ಹತ್ತಿರ ಇದೆ ಅಂತ ತಗೋಬೇಡಿ. ಟ್ಯೂಬ್ ಬದಲಾಯಿಸೋದಾದ್ರೆ ಬಿಸಿ ತಡೆಯೋ ಸಿಲಿಕಾನ್, ಅಕ್ವೇರಿಯಂ ಪೈಪ್ ಅಲ್ಲ.

ಸ್ನ್ಯಾಪ್ ಡಿಸ್ಕ್ ಮೇಲೆ ಎಲ್250, ಎಫ್110 ಅಂತೆಲ್ಲ ಇದೆ, ಏನದು?

ಎಲ್ ಇದ್ರೆ ಲಿಮಿಟ್, ಅಂದ್ರೆ 250 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಕೂಡಲೇ ಕರೆಂಟ್ ಕಟ್ ಮಾಡತ್ತೆ. ಎಫ್ ಇದ್ರೆ ಫ್ಯಾನ್ ಥರದ್ದು, 110ಕ್ಕೆ ಬಂದಾಗ ಕರೆಂಟ್ ಜೋಡಿಸತ್ತೆ. ಎರಡೂ ನೋಡೋಕೆ ನಾಣ್ಯದಷ್ಟು ಅಗಲದ ಒಂದೇ ಥರದ ಡಿಸ್ಕು, ಕೆಲಸ ಮಾತ್ರ ಪೂರ್ತಿ ಉಲ್ಟಾ. ಥರ್ಮ್-ಒ-ಡಿಸ್ಕ್‌ದೇ ಬಿಡಿಯಾಗಿ ಸಿಗತ್ತೆ, ಅಕ್ಷರ, ಅಂಕಿ, ಮಧ್ಯೆ ರೀಸೆಟ್ ಬಟನ್ ಇದೆಯಾ ಇಲ್ವಾ, ಎಲ್ಲಾ ಒಂದೇ ಇದ್ರೆ ಧೈರ್ಯವಾಗಿ ಹಾಕಿ. ಪದೇ ಪದೇ ಟ್ರಿಪ್ ಆಗತ್ತೆ ಅಂತ 200ರ ಜಾಗಕ್ಕೆ 250 ಹಾಕೋರಿದಾರೆ, ದಯವಿಟ್ಟು ಆ ಕೆಲಸ ಮಾಡ್ಬೇಡಿ, ಯಾಕೆ ಅಷ್ಟು ಬಿಸಿ ಆಗ್ತಿದೆ ಅಂತ ಹುಡುಕಿ.

ಬಾಗಿಲಿನ ಗ್ಯಾಸ್ಕೆಟ್ ಹಗ್ಗ ಯಾವುದಾದ್ರೂ ನಡೆಯತ್ತಾ?

ಫೈಬರ್‌ಗ್ಲಾಸ್ ಹಗ್ಗ, ಸರಿಯಾದ ದಪ್ಪ, ಇಷ್ಟಿದ್ರೆ ನಡೆಯತ್ತೆ. ಜೆನೆರಿಕ್ ಹಾಕೋಕೆ ಇದಕ್ಕಿಂತ ಒಳ್ಳೆ ಪಾರ್ಟ್ ಇಲ್ಲ, ಹಾರ್ಡ್‌ವೇರ್ ಅಂಗಡೀಲೇ ಸಿಗತ್ತೆ, ಸ್ಟೌವ್ ಬೆಂಕಿಗೆ ಇದರಷ್ಟು ಫರಕ್ ಮಾಡೋ ಪಾರ್ಟೂ ಕಮ್ಮಿ. ಕುಕ್ಕರ್ ಗ್ಯಾಸ್ಕೆಟ್ ಸಡಿಲ ಆದ್ರೆ ಎಷ್ಟು ಹೊತ್ತಾದ್ರೂ ವಿಸಿಲ್ ಬರಲ್ವಲ್ಲ, ಇದೂ ಹಾಗೇ, ಗಾಳಿ ಬರ್ನ್ ಪಾಟ್ ಬಿಟ್ಟು ಬಾಗಿಲ ಸಂದೀಲಿ ನುಗ್ಗತ್ತೆ, ನೀವು ಫೀಡ್ ಎಷ್ಟೇ ಜಾಸ್ತಿ ಇಟ್ರೂ ಬಿಸಿ ಬರಲ್ಲ, ಗಾಜು ಕಪ್ಪಾಗತ್ತೆ.

ಪರೀಕ್ಷೆ ಸುಲಭ. ಸ್ಟೌವ್ ತಣ್ಣಗಿದ್ದಾಗ ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೀರಿ. ಬಿಗಿಯಾಗಿ ಬರ್ಬೇಕು. ನುಣ್ಣಗೆ ಜಾರಿ ಬಂದ್ರೆ ಆ ಜಾಗದಲ್ಲಿ ಲೀಕ್. ಹಿಂಜ್ ಕಡೆ, ಲಾಕ್ ಕಡೆ, ಮೇಲೆ, ಕೆಳಗೆ, ನಾಲ್ಕೂ ಕಡೆ ನೋಡಿ.

ಹಾಕುವಾಗ ಹಳೇ ಹಗ್ಗ ಕಿತ್ತು ಕಾಲುವೆಯಲ್ಲಿ ಅಂಟಿಕೊಂಡಿರೋ ಹಳೇ ಗಮ್ ಪೂರ್ತಿ ವೈರ್ ಬ್ರಶ್‌ನಲ್ಲಿ ಉಜ್ಜಿ ತೆಗೀರಿ, ಬರೀ ಲೋಹ ಕಾಣ್ಬೇಕು, ಈ ಕೆಲಸಕ್ಕೆ ಮಾಸ್ಕ್ ಹಾಕೊಳ್ಳಿ. ದಪ್ಪ ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ, ಸವೆದು ಚಪ್ಪಟೆಯಾದ ಹಳೇ ಹಗ್ಗ ಅಳೆದ್ರೆ ತಪ್ಪು ಅಳತೆ ಬರತ್ತೆ. 3/8, 1/2, 5/8 ಇಂಚು ಹೀಗೆ ಸಿಗತ್ತೆ. ದಪ್ಪ ಜಾಸ್ತಿ ಆದ್ರೆ ಬಾಗಿಲು ಒತ್ತಿ ಒತ್ತಿ ಲಾಕ್ ಹಾಳಾಗತ್ತೆ. ಹೈ ಟೆಂಪರೇಚರ್ ಗ್ಯಾಸ್ಕೆಟ್ ಸಿಮೆಂಟ್ ಕಾಲುವೇಲಿ ತೆಳ್ಳಗೆ ಹಾಕಿ ಹಗ್ಗ ಇಡ್ತಾ ಹೋಗಿ, ಎಳೀಬೇಡಿ, ಎಳೆದ್ರೆ ಹಗ್ಗ ತೆಳ್ಳಗಾಗಿ ಅಲ್ಲೇ ಸಂದಿ ಆಗತ್ತೆ. ಎರಡು ತುದಿ ಸೇರೋ ಜಾಗ ಹಿಂಜ್ ಕಡೆ ಬಂದ್ರೆ ಒಳ್ಳೇದು, ತುದಿ ಬಿಚ್ಕೊಳ್ಳದ ಹಾಗೆ ಅಲ್ಲಿಗೆ ಒಂದು ಚೂರು ಸಿಮೆಂಟ್. ಬಾಗಿಲು ಮುಚ್ಚಿ ಡಬ್ಬಿ ಮೇಲೆ ಬರೆದಷ್ಟು ಹೊತ್ತು ಒಣಗಕ್ಕೆ ಬಿಡಿ.

ಗಾಜು ಒಡೆದಿದೆ, ಲೋಕಲ್ ಗ್ಲಾಸ್ ಅಂಗಡೀಲಿ ಕಟ್ ಮಾಡಿಸ್ಲಾ?

ಕಟ್ ಮಾಡಿಸಿ, ಆದ್ರೆ ಅದು ಸೆರಾಮಿಕ್ ಗ್ಲಾಸ್ ಆಗಿರ್ಬೇಕು, ಶಾಟ್ ಕಂಪನಿಯ ರೋಬ್ಯಾಕ್ಸ್ ಇದೆಯಲ್ಲ ಆ ಥರದ್ದು. ಟೆಂಪರ್ಡ್ ಗ್ಲಾಸ್ ಗಟ್ಟಿ ಇರತ್ತೆ ಅಂತ ಕೊಟ್ರೆ ಬೇಡ ಅನ್ನಿ, ಬೆಂಕಿ ಮುಂದಿನ ಬಿಸಿಗೆ ಅದು ಮಾಡಿದ್ದಲ್ಲ, ಒಮ್ಮೆಲೇ ಪುಡಿಯಾಗಿ ಸಿಡಿಯತ್ತೆ. ಅಳತೆ ತಗೊಳ್ಳುವಾಗ ಗಾಜಿನ ಸುತ್ತ ಬರೋ ಗ್ಯಾಸ್ಕೆಟ್ ಟೇಪಿಗೂ, ಬಿಸಿಗೆ ಹಿಗ್ಗೋ ಲೋಹಕ್ಕೂ ಜಾಗ ಬಿಡಿ. ಸ್ಕ್ರೂ ಅತಿಯಾಗಿ ಬಿಗಿ ಮಾಡಿದ್ರೆ ಹೊಸ ಗಾಜೂ ಬಿರಿಯತ್ತೆ.

ಕಂಟ್ರೋಲ್ ಬೋರ್ಡ್ ಜೆನೆರಿಕ್ ಸಿಗತ್ತಾ?

ಕೆಲವು ಹಳೇ ಮಾಡೆಲ್‌ಗಳಿಗೆ ಸಿಗತ್ತೆ, ಹೊಸದಕ್ಕೆ ಕಷ್ಟ, ಒಳಗಿನ ಪ್ರೋಗ್ರಾಂ ಆ ಸ್ಟೌವ್‌ನ ಗಾಳಿ ಮತ್ತು ಫೀಡಿಗೆ ಅಂತಲೇ ಬರೆದಿರ್ತಾರೆ. ಬೋರ್ಡ್ ಹೋಗಿದೆ ಅಂತ ತೀರ್ಮಾನ ಮಾಡೋದು ಎಲ್ಲಕ್ಕಿಂತ ಕೊನೇಲಿ. ಮೊದಲು ಫ್ಯೂಸ್ ನೋಡಿ, ಹೋಗಿದ್ರೆ ಅಷ್ಟೇ ಆಂಪ್ಸ್‌ದು ಅದೇ ಜಾತಿದು ಹಾಕಿ, ದೊಡ್ಡದು ಬೇಡ. ಆಮೇಲೆ ಕನೆಕ್ಟರ್‌ಗಳು. ಹಳೇ ಬೋರ್ಡ್ ರಿಪೇರಿ ಮಾಡಿ ಕೊಡೋರೂ ಇದಾರೆ, ರಿಲೇ ಒಂದು ಬದಲಾಯಿಸಿದ್ರೆ ಸರಿಹೋಗೋ ಕೇಸೂ ಇರತ್ತೆ. ತೀರಾ ಹಳೇ ಸ್ಟೌವ್‌ಗೆ ಹೊಸ ಬೋರ್ಡ್ ರೇಟ್ ಕೇಳಿದಾಗ ಮೂಗಿಗಿಂತ ಮೂಗುತಿ ಭಾರ ಅನ್ಸಿದ್ರೆ ಆ ದುಡ್ಡು ಹೊಸ ಸ್ಟೌವ್ ಕಡೆ ಎತ್ತಿಡಿ.

ಬೆಂಗಳೂರಿಂದ ತರಿಸ್ಬಹುದಾ? ಎಸ್‌ಪಿ ರೋಡಲ್ಲಿ ಇಂಥದ್ದೆಲ್ಲ ಚೀಪಾಗಿ ಸಿಗತ್ತಲ್ಲ.

ಊರಿಗೆ ಹೋದಾಗ ಸೂಟ್‌ಕೇಸಲ್ಲಿ ತರೋಣ ಅಂತ ಎಲ್ಲರಿಗೂ ಅನ್ಸತ್ತೆ. ಕರೆಂಟಿಂದ ನಡೆಯೋ ಯಾವುದನ್ನೂ ತರ್ಬೇಡಿ. ಅಲ್ಲಿ 230 ವೋಲ್ಟ್ 50 ಹರ್ಟ್ಜ್, ಇಲ್ಲಿ 120 ವೋಲ್ಟ್ 60 ಹರ್ಟ್ಜ್. 230 ವೋಲ್ಟಿನ ಇಗ್ನೈಟರ್‌ಗೆ 120 ಕೊಟ್ರೆ ಅದರ ಶಕ್ತಿಯ ಕಾಲು ಭಾಗದಷ್ಟು ಮಾತ್ರ ಬಿಸಿ ಬರತ್ತೆ, ಪೆಲೆಟ್ ಬೆಚ್ಚಗಾಗತ್ತೆ ಹೊರತು ಹತ್ತಲ್ಲ. ಮೋಟರ್‌ಗಳಿಗೆ ವೋಲ್ಟೇಜೂ ಸಾಲಲ್ಲ, ಹರ್ಟ್ಜ್ ಬದಲಾದ್ರೆ ಸ್ಪೀಡೂ ಬದಲಾಗತ್ತೆ. ಜರ್ಮನಿ, ಇಟಲಿ ಕಡೆ ಇರೋ ನಮ್ಮವರಿಗೆ ವೋಲ್ಟೇಜ್ ಹೊಂದತ್ತೆ ನಿಜ, ಆದ್ರೂ ಅಳತೆ ಮತ್ತು ಸರ್ಟಿಫಿಕೇಟ್ ಪ್ರಶ್ನೆ ಹಾಗೇ ಉಳಿಯತ್ತೆ.

ಲೇತ್ ಕೆಲಸದ ಪಾರ್ಟ್ ಬೇರೆ ಮಾತು. ಪೀಣ್ಯದಲ್ಲಿ ಪರಿಚಯದ ವರ್ಕ್‌ಶಾಪ್ ಇದ್ರೆ ಸ್ಯಾಂಪಲ್ ಕೊಟ್ಟು ಕಂಚಿನ ಬುಷಿಂಗ್ ಮಾಡಿಸ್ಕೊಂಡು ಬರಬಹುದು, ಅದ್ರಲ್ಲಿ ತಪ್ಪೇನಿಲ್ಲ. ಬರ್ನ್ ಪಾಟ್ ಮಾತ್ರ ಮಾಡಿಸೋಕೆ ಹೋಗ್ಬೇಡಿ, ತೂತುಗಳ ಸಂಖ್ಯೆ, ಅಳತೆ, ಕೋನ ಸ್ವಲ್ಪ ಆಚೀಚೆ ಆದ್ರೂ ಉರಿಯೋ ರೀತಿನೇ ಬದಲಾಗತ್ತೆ, ಮಾಮೂಲಿ ಕಬ್ಬಿಣದ್ದಾದ್ರೆ ಬೇಗ ತಿಂದು ಹೋಗತ್ತೆ.

ಜೆನೆರಿಕ್ ಹಾಕಿದ್ರೆ ವಾರಂಟಿ ಹೋಗತ್ತಾ?

ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾನೂನು ಇದೆ. ನಮ್ಮ ಬ್ರಾಂಡಿನ ಪಾರ್ಟೇ ಹಾಕ್ಬೇಕು ಇಲ್ಲಾಂದ್ರೆ ವಾರಂಟಿ ಇಲ್ಲ ಅಂತ ಕಂಪನಿ ಸುಮ್ನೆ ಷರತ್ತು ಹಾಕೋ ಹಾಗಿಲ್ಲ, ಆ ಪಾರ್ಟ್ ಪುಕ್ಕಟೆ ಕೊಡ್ಬೇಕು, ಇಲ್ಲಾ ಎಫ್‌ಟಿಸಿ ಅನ್ನೋ ಸರ್ಕಾರಿ ವ್ಯಾಪಾರ ಆಯೋಗದಿಂದ ವಿನಾಯಿತಿ ತಗೊಂಡಿರ್ಬೇಕು. ಆದ್ರೆ ನೀವು ಹಾಕಿದ ಪಾರ್ಟಿಂದಲೇ ಹಾಳಾಯ್ತು ಅಂತಾದ್ರೆ ಆ ಹಾನಿಗೆ ಅವರು ಹೊಣೆ ಅಲ್ಲ. ವಾರಂಟಿ ಇನ್ನೂ ಇರೋ ಸ್ಟೌವ್ ಆದ್ರೆ ಜೆನೆರಿಕ್ ಯೋಚನೆನೇ ಬೇಡ, ಕ್ಲೇಮ್ ಮಾಡಿ. ಕೆನಡಾದಲ್ಲಿ ಈ ಕಾನೂನು ಲಾಗೂ ಆಗಲ್ಲ.

ಇನ್ಶೂರೆನ್ಸ್?

ಇದು ವಾರಂಟಿಗಿಂತ ದೊಡ್ಡ ವಿಷಯ. ಸ್ಟೌವ್ ಎಎಸ್‌ಟಿಎಂ ಇ1509 ಥರದ ಸುರಕ್ಷತಾ ಸ್ಟ್ಯಾಂಡರ್ಡ್‌ಗೆ ಪಾಸಾಗಿ ಲೇಬಲ್ ಅಂಟಿಸ್ಕೊಂಡು ಬಂದಿರತ್ತೆ, ಅವತ್ತು ಟೆಸ್ಟ್ ಆಗಿದ್ದು ಅದರೊಳಗಿದ್ದ ಪಾರ್ಟುಗಳ ಜೊತೆ. ನಿಮ್ಮ ಪಾಲಿಸೀಲಿ ಏನು ಬರೆದಿದೆ ಓದಿ, ಏಜೆಂಟ್‌ಗೆ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಕೊಳ್ಳಿ. ಹಾಕಿದ ಪ್ರತಿ ಪಾರ್ಟಿನ ಬಿಲ್ಲು, ಸ್ಟಿಕ್ಕರ್ ಫೋಟೋ, ಯಾವ ತಿಂಗಳಲ್ಲಿ ಹಾಕಿದ್ದು ಅಂತ ಒಂದು ಫೋಲ್ಡರ್‌ನಲ್ಲಿ ಇರ್ಲಿ. ಬಾಡಿಗೆ ಮನೆ ಆದ್ರೆ ನೀವು ಕೈ ಹಾಕಲೇಬೇಡಿ, ಮನೆ ಓನರ್‌ಗೆ ಹೇಳಿ.

ಕಂಪನಿಯೇ ಮುಚ್ಚಿ ಹೋಗಿದೆ, ಪಾರ್ಟ್ ಎಲ್ಲಿ ಹುಡುಕೋದು?

ಜೆನೆರಿಕ್ ನಿಜವಾಗ್ಲೂ ಕೈ ಹಿಡಿಯೋದು ಇಲ್ಲೇ. ಪೆಲೆಟ್ ಸ್ಟೌವ್ ಶುರುವಾಗಿದ್ದೇ 1980ರ ದಶಕದಲ್ಲಿ, ವಾಷಿಂಗ್ಟನ್ ರಾಜ್ಯದ ಜೆರ್ರಿ ವಿಟ್‌ಫೀಲ್ಡ್ ಅನ್ನೋ ಇಂಜಿನಿಯರ್ ಮೊದಮೊದಲ ಮಾಡೆಲ್‌ಗಳನ್ನ ತಂದವರಲ್ಲಿ ಒಬ್ಬರು, ಅವರ ಹೆಸರಿನ ಸ್ಟೌವ್ ಈಗ ಹೊಸದಾಗಿ ಬರಲ್ಲ, ಆದ್ರೆ ಹಳೇವು ಇವತ್ತಿಗೂ ಮನೆಗಳಲ್ಲಿ ಉರೀತಾ ಇವೆ, ಯಾಕಂದ್ರೆ ಅದಕ್ಕೆ ಮೋಟರ್, ಬ್ಲೋವರ್, ಗ್ಯಾಸ್ಕೆಟ್ ಇನ್ನೂ ಸಿಗತ್ತೆ. ಸ್ಟೌವ್ ಹೆಸರಿಂದ ಹುಡುಕ್ಬೇಡಿ, ಮೋಟರ್ ಮೇಲಿರೋ ಮೋಟರ್ ಕಂಪನಿಯ ಮಾಡೆಲ್ ನಂಬರಿಂದ ಹುಡುಕಿ.

ಹೊಸ ಮೋಟರ್ ಹಾಕಿದ್ರೂ ಮತ್ತೆ ಮತ್ತೆ ಸುಟ್ಟು ಹೋಗತ್ತೆ, ಜೆನೆರಿಕ್ ಅಂತಲಾ?

ಒಂದ್ಸಲ ಆದ್ರೆ ಪಾರ್ಟ್ ಕೆಟ್ಟದಿರಬಹುದು. ಮತ್ತೆ ಮತ್ತೆ ಆದ್ರೆ ಕಾರಣ ಬೇರೆ ಕಡೆ ಇದೆ. ಆಗರ್ ಬಿಗಿಯಾಗಿ ತಿರುಗ್ತಾ ಇರಬಹುದು, ಮೋಟರ್ ಸುತ್ತ ಧೂಳು ತುಂಬಿ ಗಾಳಿ ಆಡದೇ ಇರಬಹುದು. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಓಡಿಸೋರು ಅದು ಪ್ಯೂರ್ ಸೈನ್ ವೇವ್ ಹೌದಾ ನೋಡ್ಕೊಳ್ಳಿ. ಅಗ್ಗದ ಮಾಡಿಫೈಡ್ ಸೈನ್ ವೇವ್ ಇನ್ವರ್ಟರ್‌ನಲ್ಲಿ ಮೋಟರ್ ಗೊಂಯ್‌ಗುಟ್ಟಿ ಜಾಸ್ತಿ ಬಿಸಿಯಾಗತ್ತೆ, ಬೋರ್ಡೂ ತಲೆ ಕೆಟ್ಟ ಹಾಗೆ ಆಡತ್ತೆ.

ಮಾರೋರನ್ನ ನಂಬಬಹುದಾ ಅಂತ ಹೇಗೆ ನೋಡೋದು?

ಪೇಜಲ್ಲಿ ವೋಲ್ಟ್, ಆಂಪ್ಸ್, ಆರ್‌ಪಿಎಂ, ದಿಕ್ಕು, ಶಾಫ್ಟ್ ಅಳತೆ ಎಲ್ಲಾ ಬರೆದಿರೋರು ವಿಷಯ ಗೊತ್ತಿರೋರು. ಬರೀ ಮಾಡೆಲ್ ಹೆಸರುಗಳ ಉದ್ದ ಪಟ್ಟಿ ಹಾಕಿ ಎಲ್ಲದಕ್ಕೂ ಫಿಟ್ ಆಗತ್ತೆ ಅನ್ನೋರ ಹತ್ರ ತಗೋಬೇಡಿ. ಯುಎಲ್ ಅಥವಾ ಸಿಎಸ್ಎ ಅನ್ನೋ ಸುರಕ್ಷತಾ ಪರೀಕ್ಷೆಯ ಗುರುತು ಪಾರ್ಟ್ ಮೇಲೇ ಇರ್ಬೇಕು, ಬಾಕ್ಸ್ ಮೇಲೆ ಇದ್ರೆ ಸಾಲದು. ಕರೆಂಟ್ ಪಾರ್ಟ್‌ಗಳನ್ನ ಒಮ್ಮೆ ಹಾಕಿದ್ಮೇಲೆ ವಾಪಸ್ ತಗೊಳ್ಳಲ್ಲ ಅನ್ನೋರು ಬಹಳ ಜನ, ಅದನ್ನ ದುಡ್ಡು ಕೊಡೋಕೆ ಮುಂಚೆನೇ ಓದಿ.

ಚಳಿಗಾಲಕ್ಕೆ ಮುಂಚೆ ಯಾವ ಪಾರ್ಟ್ ಮನೇಲಿ ಇಟ್ಕೋಬೇಕು?

ಇಗ್ನೈಟರ್ ಒಂದು, ಫ್ಯೂಸ್ ಎರಡು, ಬ್ಲೋವರ್ ಗ್ಯಾಸ್ಕೆಟ್ ಒಂದು, ಬಾಗಿಲಿನ ಹಗ್ಗ ಮತ್ತು ಸಿಮೆಂಟ್. ಮನೆಗೆ ಬೇರೆ ಹೀಟಿಂಗ್ ಇಲ್ಲದೆ ಪೂರ್ತಿ ಇದನ್ನೇ ನಂಬಿದ್ರೆ ಆಗರ್ ಮೋಟರೂ ಇರ್ಲಿ. ಸೀಸನ್ ಮುಗಿದ ಕೂಡಲೇ ಕ್ಲೀನ್ ಮಾಡುವಾಗಲೇ ಯಾವುದು ಸವೆದಿದೆ ನೋಡಿ ಬೇಸಿಗೇಲಿ ತರಿಸ್ಕೊಳ್ಳಿ, ಅಕ್ಟೋಬರ್ ಬಂದ್ರೆ ಎಲ್ಲರೂ ಒಟ್ಟಿಗೆ ಆರ್ಡರ್ ಮಾಡಿ ಸ್ಟಾಕ್ ಇರಲ್ಲ.

ಹೊಸ ಪಾರ್ಟ್ ಹಾಕಿದ್ಮೇಲೆ ಮೊದಲ ಸಲ ಹಚ್ಚುವಾಗ ಏನು ನೋಡ್ಬೇಕು?

ಬೆಳಗಿನ ಹೊತ್ತು ಹಚ್ಚಿ, ರಾತ್ರಿ ಮಲಗೋ ಮುಂಚೆ ಬೇಡ. ಹೊಸ ಗ್ಯಾಸ್ಕೆಟ್, ಸಿಮೆಂಟ್ ಹಾಕಿದ್ರೆ ಮೊದಲಿಗೆ ಸ್ವಲ್ಪ ವಾಸನೆ ಬರತ್ತೆ, ಕಿಟಕಿ ತೆಗೆದಿಡಿ. ಪೂರ್ತಿ ಬಿಸಿ ಆಗೋ ತನಕ ಹತ್ತಿರಾನೇ ಇದ್ದು, ಒಂದು ಟಾರ್ಚ್ ಹಿಡ್ಕೊಂಡು ಬ್ಲೋವರ್ ಸುತ್ತ ಮತ್ತು ಪೈಪ್ ಜಾಯಿಂಟ್ ಹತ್ರ ಹೊಗೆಯ ಎಳೆ ಏನಾದ್ರೂ ಕಾಣತ್ತಾ ನೋಡಿ. ಪಾಟ್‌ನಲ್ಲಿ ಪೆಲೆಟ್ ಏರ್ತಾ ಹೋಗ್ತಿದೆಯಾ, ಬೆಂಕಿ ಚುರುಕಾಗಿ ಕುಣೀತಾ ಇದೆಯಾ ಗಮನಿಸಿ. ಆಮೇಲೆ ಆಫ್ ಮಾಡಿ. ಪೆಲೆಟ್ ಬೀಳೋದು ನಿಂತು, ಬೆಂಕಿ ಆರಿ, ಸ್ಟೌವ್ ತಣ್ಣಗಾಗೋ ತನಕ ಎಕ್ಸಾಸ್ಟ್ ಫ್ಯಾನ್ ತಿರುಗಿ ತಾನಾಗೇ ನಿಲ್ಬೇಕು. ಹಾಗೆ ನಿಂತ್ರೆ ಮರುದಿನದಿಂದ ಮಾಮೂಲಿ ಹಾಗೆ ಬಳಸಿ, ಒಂದು ವಾರ ಬಿಟ್ಟು ಬ್ಲೋವರ್ ಸ್ಕ್ರೂ ಮತ್ತು ಆಗರ್ ಶಾಫ್ಟಿನ ಸ್ಕ್ರೂ ಇನ್ನೊಂದ್ಸಲ ಬಿಗಿ ಮಾಡಿ, ಬಿಸಿಗೆ ಹಿಗ್ಗಿ ಕುಗ್ಗಿ ಅವು ಸಡಿಲ ಆಗಿರ್ತವೆ.